ಎಳೆಯ ಮಣ್ಣು, ಹಳೆಯ ಮಣ್ಣು

ರೈಲುಬಂಡಿಯ ಕಿಟಕಿಯಿಂದ ನೋಡುವವರಿಗೆ ಗಂಗೆಯ ಬಯಲು ಹಾಸಿದ ಜಮಖಾನದಂತೆ ಒಂದೇ ಸಮನಾಗಿ ತೋರುವುದು. ಭೂಗರ್ಭಶಾಸ್ತ್ರಜ್ಞರ ನಕಾಶೆಯಲ್ಲಾದರೋ ಅದೇ ಬಯಲು ಬಣ್ಣಬಣ್ಣದ ತೇಪೆಗಳ ಕೌದಿಯಂತಿರುವುದು. ಬಂಡೆಗಳ ವಯಸ್ಸನ್ನು ಕೋಟಿಗಳಿಂದ ಎಣಿಸುವ ಈ ಶಾಸ್ತ್ರದಲ್ಲಿ, ಕಳೆದ ಸುಮಾರು 26 ಲಕ್ಷ ವರುಷಗಳೊಳಗೆ ನೀರು, ಹಿಮ, ಗಾಳಿಗಳು ತಂದೊಟ್ಟಿದ ಮಣ್ಣುಮರಳುಗಳೆಲ್ಲವೂ ಎಳೆಯ ಕೂಸುಗಳೇ ಸರಿ. ಆ ಕೂಸುಗಳಲ್ಲಿಯೂ ಹಿರಿದು ಕಿರಿದೆಂಬುದನ್ನು ಗೊತ್ತುಮಾಡಬೇಕಾಗಿದೆ. ಏಕೆಂದರೆ ಮನೆಯ ತಳಹದಿಯ ಭದ್ರತೆಯೂ ಕುಡಿಯುವ ನೀರಿನ ಗುಣವೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿರುವುವು.

ಹಿಮಾಲಯದ ಕಣಿವೆಗಳಲ್ಲಿ ಹೊಳೆಯ ಇಕ್ಕೆಲಗಳಲ್ಲಿಯೂ ಮೆಟ್ಟಿಲುಗಳಂತಹ ಸಮತಟ್ಟುಗಳುಂಟು. ಹೊಳೆಯು ತಳವನ್ನು ಕೊರೆದು ಕೆಳಗಿಳಿದಂತೆಲ್ಲ ಹಳೆಯ ಪಾತ್ರಗಳು ಮೇಲೆ ಉಳಿದುವು; ಆದಕಾರಣ ಸಾಮಾನ್ಯವಾಗಿ ಮೇಲಿನ ಮೆಟ್ಟಿಲೇ ಹಿರಿಯದು. ನುಣುಪಾದ ಗುಂಡುಕಲ್ಲು ಹೊಳೆಯ ಕೆಲಸ. ಮೊನಚುಕಲ್ಲೂ ಮಣ್ಣೂ ಕಲಸಿಹೋಗಿದ್ದರೆ ಬೆಟ್ಟವು ಜರಿದಿರಬೇಕು, ಇಲ್ಲವೆ ಹಿಮನದಿಯು ತಂದು ಸುರಿದಿರಬೇಕು. ಬೆಟ್ಟದ ಬುಡದಲ್ಲಿ ‘ಭಾಬರ’ವೆಂಬ ಗರಸಿನ ಪಟ್ಟಿಯಿದೆ. ಅಲ್ಲಿ ತೊರೆಗಳು ಇಂಗಿಹೋಗಿ, ಕೆಳಗಿನ ತರಾಯಿಯ ಜೌಗಿನಲ್ಲಿ ಮರಳಿ ಮೇಲೇಳುವುವು. ಅಂತರ್ವಾಹಿನಿಯೆಂಬ ಮಾತು ಇಲ್ಲಿ ಕವಿಕಲ್ಪನೆಯಲ್ಲ.

ಬಯಲಿನಲ್ಲಿ ಹಳೆಯ ಎತ್ತರದ ಮೆಕ್ಕಲು ‘ಭಾಂಗರ’, ನೆರೆಯೇರುವ ಹೊಸ ಮೆಕ್ಕಲು ‘ಖಾದರ’. ಇವು ರೈತರು ಇಟ್ಟ ಹೆಸರುಗಳು. ಪಂಡಿತರು ಅವನ್ನೇ ಎತ್ತಿಕೊಂಡರು. ಭಾಂಗರದಲ್ಲಿ ಕಂಕರವೆಂಬ ಸುಣ್ಣದ ಗಂಟುಗಳು ಸಿಕ್ಕುವುವು. ಕಣ್ಣಿಗೆ ಕಾಣದ ಕಡೆ ಭೈರಿಗೆಯಿಂದ ಕೊರೆದು ಮಣ್ಣನ್ನೆತ್ತಿ ನೋಡುವರು. ಉಪಗ್ರಹದ ಚಿತ್ರಗಳಲ್ಲಿ ಬತ್ತಿದ ಪಾತ್ರಗಳ ಸುಳಿವನ್ನರಸುವರು. ಮರಳಿನ ಕಣವು ಕೊನೆಯದಾಗಿ ಬಿಸಿಲು ಕಂಡುದು ಎಂದೆಂಬುದನ್ನೂ ಪ್ರಯೋಗಶಾಲೆಯಲ್ಲಿ ಲೆಕ್ಕಹಾಕುವರು.

ಬತ್ತಿದ ಪಾತ್ರವು ಸತ್ತ ಪಾತ್ರವಲ್ಲ. ಪುರಾಣದ ಕೌಶಿಕಿ, ಇಂದಿನ ಕೋಸಿ, ಎರಡು ಶತಮಾನಗಳಿಗೂ ಹೆಚ್ಚು ಕಾಲ ಪಶ್ಚಿಮಕ್ಕೆ ಸರಿಯುತ್ತ ನೂರು ಕಿಲೋಮೀಟರಿಗೂ ಮಿಕ್ಕಿ ಜರುಗಿತ್ತು. 2008ನೆಯ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಒಡ್ಡನ್ನೊಡೆದು, ಪೂರ್ವದ ಹಳೆಯ ಜಾಡಿನಲ್ಲಿ ನುಗ್ಗಿತು. ಬಿಹಾರದಲ್ಲಿ 30 ಲಕ್ಷಕ್ಕೂ ಮೇಲ್ಪಟ್ಟು ಜನರು ಸಂಕಟಕ್ಕೀಡಾದರು.

ಇದಕ್ಕಿಂತ ನಿಶ್ಶಬ್ದವಾದ ಕೇಡು ಬಾವಿಯಲ್ಲಿರುವುದು. ಕೆರೆಕುಂಟೆಗಳ ನೀರಿನಿಂದ ವಾಂತಿಭೇದಿ ಹರಡುವುದೆಂದು ಬಂಗಾಳದಲ್ಲಿ ಮನೆಮನೆಗೂ ಕೊಳವೆಬಾವಿಗಳನ್ನು ಇಳಿಸಿದರು. 1980ರ ದಶಕದ ಆರಂಭದಲ್ಲಿ, ಪಶ್ಚಿಮ ಬಂಗಾಳದ ಹಳ್ಳಿಗರ ಅಂಗೈ ಅಂಗಾಲುಗಳು ಗಡುಸಾಗಿ ಮೈಮೇಲೆ ಮಚ್ಚೆಗಳೆದ್ದುದಕ್ಕೆ ಆ ನೀರಿನ ಆರ್ಸೆನಿಕ್, ಎಂದರೆ ನಮ್ಮ ಹಿರಿಯರು ಪಾಷಾಣವೆಂದ ವಸ್ತು, ಕಾರಣವೆಂದು ತಿಳಿಯಿತು. ಹಿಮಾಲಯದಿಂದ ಬಂದ ಮರಳಿನ ಕಣಗಳ ಮೇಲೆ ಕಬ್ಬಿಣದ ತುಕ್ಕಿನ ಲೇಪವಿದ್ದು, ಪಾಷಾಣವು ಅದಕ್ಕೆ ಅಂಟಿಕೊಂಡಿರುವುದು. ಎಳೆಯ ಮೆಕ್ಕಲಿನಲ್ಲಿ ಎಲೆಕಸವೂ ಹೂತಿರುತ್ತದೆ. ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು, ಆಮ್ಲಜನಕವಿಲ್ಲದೆಡೆಯಲ್ಲಿ, ಆ ತುಕ್ಕನ್ನು ಕರಗಿಸುವುವು, ಪಾಷಾಣವು ನೀರಿಗಿಳಿಯುವುದು. ಅಂತಹ ಮರಳು ಬೂದುಬಣ್ಣದ್ದು. ಸುಮಾರು 12 ಸಾವಿರ ವರುಷಗಳಿಗೂ ಹಿಂದಿನ ಕೆಂಗಂದು ಮರಳಿನಲ್ಲಿ ತುಕ್ಕು ಕರಗದೆ ಉಳಿದಿರುವುದರಿಂದ ಅಲ್ಲಿಯ ನೀರು ಬಹುಮಟ್ಟಿಗೆ ನಿರಪಾಯ. ಕಾಯಿಸಿದರೂ ಪಾಷಾಣವು ಹೋಗದೆಂಬುದನ್ನು ಗೃಹಿಣಿಯರು ಗಮನಿಸಬೇಕು.

ಬಾಂಗ್ಲಾದೇಶದಲ್ಲಿ ಲಕ್ಷಾಂತರ ಬಾವಿಗಳನ್ನು ಪರೀಕ್ಷಿಸಿ, ಕೆಟ್ಟವಕ್ಕೆ ಕೆಂಪು, ಒಳ್ಳೆಯವಕ್ಕೆ ಹಸುರು ಬಣ್ಣ ಬಳಿದರು. ಅಲ್ಲಿಯ ಕೊಳವೆಬಾವಿ ಇಳಿಸುವ ಕೆಲಸಗಾರರೂ ಮೇಲೆ ಬರುವ ಮರಳಿನ ಬಣ್ಣವನ್ನು ನೋಡಿ, ಬೂದುಮರಳಿನಲ್ಲಿ ನಿಲ್ಲಿಸದೆ ಕೆಂಗಂದು ಮರಳು ಸಿಕ್ಕುವವರೆಗೆ ಇಳಿಸುವುದನ್ನು ಕಲಿತಿದ್ದಾರೆ. ಬಣ್ಣವೊಂದನ್ನೇ ನಂಬುವಂತಿಲ್ಲವಾದುದರಿಂದ, ನೀರಿನ ಪರೀಕ್ಷೆಯಂತೂ ಆಮೇಲೆ ಆಗಲೇಬೇಕು.