ಬುಕಿಟ್ ತಿಮಾ: ವಾಣಿಜ್ಯ ನಗರದೊಳಗೆ ಉಳಿದುಕೊಂಡ ಕಾಡು

ವ್ಯಾಪಾರ ಮೇಳಕ್ಕೋ ಯಂತ್ರೋಪಕರಣಗಳ ಖರೀದಿಗೋ ಸಿಂಗಪುರಕ್ಕೆ ಹೋಗಿಬರುವ ನಮ್ಮ ವರ್ತಕ ಬಂಧುಗಳು ಅಲ್ಲಿನ ಬಂದರನ್ನು, ಗಗನಚುಂಬಿ ಕಟ್ಟಡಗಳನ್ನು, ಲಿಟಲ್ ಇಂಡಿಯಾದ ಅಂಗಡಿ ಬೀದಿಗಳನ್ನು ತಪ್ಪದೆ ನೋಡಿರುತ್ತಾರೆ. ಅದೇ ನಗರದ ಬ್ಯೂಟಿ ವರ್ಲ್ಡ್ ಮೆಟ್ರೋ ನಿಲ್ದಾಣದಿಂದ ಕಾಲುಗಂಟೆ ನಡೆದರೆ ನಿತ್ಯಹರಿದ್ವರ್ಣದ ಮಳೆಕಾಡೊಂದು ಎದುರಾಗುತ್ತದೆಂಬುದನ್ನು ಬಲ್ಲವರು ಕಡಿಮೆ. ಬುಕಿಟ್ ತಿಮಾ ಎಂಬ ಈ ಗುಡ್ಡದ ಎತ್ತರ 163 ಮೀಟರು. ರಕ್ಷಿತಾರಣ್ಯದ ವಿಸ್ತೀರ್ಣವೂ ಕಾಕತಾಳೀಯವಾಗಿ ಸುಮಾರು 163 ಹೆಕ್ಟೇರು, ಅಂದರೆ ನಾನೂರು ಎಕರೆ. ಬೆಂಗಳೂರಿನ ಲಾಲ್‌ಬಾಗ್ 240 ಎಕರೆಯೆಂಬುದನ್ನು ನೆನೆದರೆ ಗಾತ್ರದ ಅಂದಾಜು ದೊರೆಯುತ್ತದೆ.

ಹಿಂಡ್‌ಹೀಡ್ ಡ್ರೈವ್‌ನ ಕೊನೆಯಲ್ಲಿರುವ ಸಂದರ್ಶಕರ ಕೇಂದ್ರದಿಂದ ಶಿಖರಕ್ಕೆ ಡಾಂಬರು ಹಾದಿಯಿದೆ. ದೂರ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಆದರೆ ಮೊದಲ ಏರೇ ಕಡಿದಾಗಿರುವುದರಿಂದ, ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಅಭ್ಯಾಸವಾದವರು ನಿಧಾನವಾಗಿ ಹೆಜ್ಜೆಯಿಡುವುದು ಲೇಸು. ನೂರು ಹೆಜ್ಜೆ ದಾಟುವಷ್ಟರಲ್ಲಿ ವಾಹನಗಳ ಸದ್ದು ಕ್ಷೀಣಿಸಿ ಜೀರುಂಡೆಗಳ ಸದ್ದು ಮೇಲೇಳುತ್ತದೆ. ಇಕ್ಕೆಲಗಳಲ್ಲಿ ಸೆರಾಯ ಮರಗಳು ನೆಟ್ಟಗೆ ಏರಿ ನಿಂತಿವೆ. ಇವು ನಮ್ಮ ಪಶ್ಚಿಮ ಘಟ್ಟದ ಧೂಪದ ಮರ ಸೇರಿದ ಸಸ್ಯಕುಟುಂಬಕ್ಕೇ ಸೇರಿದವು. ಕೊಡಗು ಮಲೆನಾಡುಗಳ ಭೀಮರಾಜ ಹಕ್ಕಿಯೂ ತನ್ನ ಉದ್ದನೆಯ ಬಾಲದ ಗರಿಗಳೊಡನೆ ಇಲ್ಲಿ ಕಾಣಸಿಗುತ್ತದೆ. ಈ ಕಾಡಿನಲ್ಲಿ ಸಸ್ಯವಿಜ್ಞಾನಿಗಳು ಗುರುತು ಹಾಕಿ ಅಭ್ಯಸಿಸುತ್ತಿರುವ ಕೇವಲ ಎರಡು ಹೆಕ್ಟೇರು ಜಾಗದಲ್ಲಿ 300ಕ್ಕೂ ಹೆಚ್ಚು ಜಾತಿಯ ಮರಗಳಿವೆ.

ಇಷ್ಟು ಸಮೃದ್ಧವಾದ ಕಾಡು ಒಂದು ಕಾಲಕ್ಕೆ ದ್ವೀಪವನ್ನೆಲ್ಲ ಆವರಿಸಿತ್ತು. ಅದು ಕರಗಿದ್ದು ನಮ್ಮಂಥ ವ್ಯಾಪಾರಸ್ಥರ ಬೇಡಿಕೆಯಿಂದಲೇ ಎಂಬುದು ವಾಣಿಜ್ಯ ಪತ್ರಿಕೆಯ ಓದುಗರು ಗಮನಿಸಬೇಕಾದ ಸಂಗತಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಚೀನೀ ಕೃಷಿಕರು ಇಲ್ಲಿ ಗ್ಯಾಂಬಿಯರ್ ಎಂಬ ಗಿಡವನ್ನು ವ್ಯಾಪಕವಾಗಿ ಬೆಳೆದರು. ಇದರ ಎಲೆಯನ್ನು ಕುದಿಸಿ ಇಳಿಸಿದ ಸಾರವು ನಮ್ಮ ಕಾಚಿನಂತೆಯೇ ಎಲೆಯಡಿಕೆಗೂ, ಅದಕ್ಕಿಂತ ಮಿಗಿಲಾಗಿ ಇಂಗ್ಲೆಂಡಿನ ಚರ್ಮ ಹದಮಾಡುವ ಉದ್ಯಮಕ್ಕೂ ಬೇಕಾಗಿತ್ತು. ಕುದಿಸಿ ಉಳಿದ ಎಲೆಯ ಚರಟ ಪಕ್ಕದ ಕಾಳುಮೆಣಸಿನ ಬಳ್ಳಿಗೆ ಗೊಬ್ಬರವಾಗುತ್ತಿತ್ತು. ವ್ಯವಸ್ಥೆ ಜಾಣತನದ್ದೇ. ಆದರೆ ಹಂಡೆಗಳ ಕೆಳಗೆ ಉರಿಯುತ್ತಿದ್ದುದು ಸುತ್ತಲಿನ ಕಾಡು. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಮಣ್ಣೂ ಸೌದೆಯೂ ಮುಗಿದು, ತೋಟವನ್ನು ಅಲ್ಲಿಯೇ ಬಿಟ್ಟು ಮುಂದಿನ ಕಾಡಿಗೆ ಸಾಗುವುದು ಪದ್ಧತಿಯಾಗಿತ್ತು. ಬಂಡವಾಳವನ್ನೇ ಲಾಭವೆಂದು ಖಾತೆಗೆ ಬರೆದುಕೊಂಡರೆ ಲೆಕ್ಕ ಬಹುಕಾಲ ನಿಲ್ಲುವುದಿಲ್ಲವೆಂಬುದು ನಮಗೆ ಹೊಸದಲ್ಲ. ಅಲ್ಲಿ ನಡೆದದ್ದೂ ಅದೇ.

ಗಟ್ಟಾಪರ್ಚಾದ ಕಥೆ ಇನ್ನೂ ತೀಕ್ಷ್ಣವಾದುದು. ಈ ಮರದ ಹಾಲಂಟಿನ ಮಾದರಿಗಳು 1843ರಲ್ಲಿ ಸಿಂಗಪುರದಿಂದ ಲಂಡನ್ನಿಗೆ ಹೋದವು. ನೀರಿನಡಿಯಲ್ಲಿ ಕೆಡದ ಈ ಅಂಟು ತಂತಿ ಹೊದಿಕೆಗೆ ಹೇಳಿಮಾಡಿಸಿದಂತಿತ್ತು. 1851ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಡಿ, 1866ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಯ್ದ ಟೆಲಿಗ್ರಾಫ್ ತಂತಿಗಳು ಇದನ್ನೇ ಹೊದ್ದಿದ್ದವು. ಆದರೆ ಮರವನ್ನು ಉರುಳಿಸಿ ಅಂಟು ತೆಗೆಯಲಾಗುತ್ತಿತ್ತು. ಒಂದು ಮರಕ್ಕೆ ದೊರೆಯುತ್ತಿದ್ದುದು ಅತ್ಯಲ್ಪ. ಬೇಡಿಕೆ ಏರಿದ ಕೆಲವೇ ವರ್ಷಗಳಲ್ಲಿ ಸಿಂಗಪುರದ ಕಾಡುಗಳು ಈ ಮರದಿಂದ ಬರಿದಾದವು. ಮುಂದೆ ಅದೇ ಊರಿನ ಸಸ್ಯೋದ್ಯಾನದ ನಿರ್ದೇಶಕ ಹೆನ್ರಿ ರಿಡ್ಲಿ, 1890ರ ದಶಕದಲ್ಲಿ, ರಬ್ಬರ್ ಮರಕ್ಕೆ ಅಪಾಯವಾಗದಂತೆ ತೊಗಟೆ ಕೆತ್ತಿ ಹಾಲು ಇಳಿಸುವ ಕ್ರಮವನ್ನು ರೂಪಿಸಿದರು. ದಕ್ಷಿಣ ಕನ್ನಡದ ರಬ್ಬರ್ ಬೆಳೆಗಾರರ ನಿತ್ಯದ ಕೆಲಸ ಈ ತತ್ತ್ವದ ಮೇಲೆಯೇ ನಿಂತಿದೆ. ಒಂದು ಕಚ್ಚಾಮಾಲು ಉಳಿದು ಬೆಳೆಯಿತು, ಇನ್ನೊಂದು ಮುಗಿದುಹೋಯಿತು. ವ್ಯತ್ಯಾಸವಿದ್ದದ್ದು ಕೊಯ್ಲಿನ ವಿಧಾನದಲ್ಲಿ.

ಸಸ್ಯೋದ್ಯಾನದ ಅಧಿಕಾರಿ ನಥಾನಿಯಲ್ ಕ್ಯಾಂಟ್ಲಿ ಅರಣ್ಯಗಳ ಸ್ಥಿತಿಯನ್ನು ಸಮೀಕ್ಷಿಸಿ ವರದಿ ಸಲ್ಲಿಸಿದ ಬಳಿಕ, 1883ರಲ್ಲಿ ಬುಕಿಟ್ ತಿಮಾ ರಕ್ಷಿತಾರಣ್ಯವಾಯಿತು. ಅದಕ್ಕೂ ಮುನ್ನ, 1854ರಲ್ಲಿ, ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಈ ಸುತ್ತಿನಲ್ಲಿ ತಂಗಿ, ಎರಡು ತಿಂಗಳಲ್ಲಿ ಸುಮಾರು 700 ಜಾತಿಯ ದುಂಬಿಗಳನ್ನು ಸಂಗ್ರಹಿಸಿದ್ದರು. ಮರ ಕೊಯ್ಯುವವರು ಉರುಳಿಸಿದ ದಿಮ್ಮಿಗಳ ತೊಗಟೆಯಲ್ಲೇ ಅವರಿಗೆ ಹುಳುಗಳು ಹೇರಳವಾಗಿ ದೊರೆತವೆಂಬುದು ವಿಚಿತ್ರವಾದರೂ ನಿಜ.

ರಕ್ಷಣೆಯ ಫಲಕ ಬಿದ್ದ ಮಾತ್ರಕ್ಕೆ ಒತ್ತಡ ನಿಲ್ಲಲಿಲ್ಲ. ಗುಡ್ಡದ ಅಂಚಿನಲ್ಲಿ ಗ್ರಾನೈಟ್ ಗಣಿಗಳು ದಶಕಗಳ ಕಾಲ ನಡೆದವು. ಹಾದಿಯ ಬಳಿಯ ಹಿಂಡ್‌ಹೀಡ್ ಗಣಿ ಈಗ ನೀರು ತುಂಬಿದ ಕೊಳವಾಗಿದೆ. ನಮ್ಮ ಕಡೆಯ ಕಲ್ಲುಕ್ವಾರಿಗಳನ್ನು ಕಂಡವರಿಗೆ ಆ ನೇರ ಬಂಡೆಗೋಡೆಯ ಅರ್ಥ ಹೇಳಬೇಕಿಲ್ಲ. 1986ರಲ್ಲಿ ಬುಕಿಟ್ ತಿಮಾ ಎಕ್ಸ್‌ಪ್ರೆಸ್‌ವೇ ಬಂದು, ನೆರೆಯ ದೊಡ್ಡ ಜಲಾನಯನ ಅರಣ್ಯದಿಂದ ಈ ಗುಡ್ಡವನ್ನು ಕತ್ತರಿಸಿಬಿಟ್ಟಿತು. ಅದನ್ನು ಮತ್ತೆ ಬೆಸೆಯಲು 2013ರಲ್ಲಿ ಹೆದ್ದಾರಿಯ ಮೇಲೆ ಮಣ್ಣು ತುಂಬಿ, ಗಿಡ ನೆಟ್ಟು, 62 ಮೀಟರ್ ಉದ್ದದ ಸೇತುವೆಯನ್ನು ಪ್ರಾಣಿಗಳಿಗಾಗಿಯೇ ಕಟ್ಟಲಾಯಿತು. ಚಿಪ್ಪುಹಂದಿಗಳು ಅದರ ಮೇಲೆ ದಾಟಿದ್ದು ದಾಖಲಾಗಿದೆ. ಕತ್ತರಿಸುವಾಗ ಲೆಕ್ಕಕ್ಕೆ ಬಾರದಿದ್ದ ವೆಚ್ಚ, ಜೋಡಿಸುವಾಗ ಖಜಾನೆಯ ಮೇಲೆ ಬಿತ್ತು.

ನಡೆಯುವವರ ಹೆಜ್ಜೆಗಳೂ ಹಗುರವೇನಲ್ಲ. ಮಣ್ಣು ಸವೆದು, ಇಳಿಜಾರು ಜರಿಯತೊಡಗಿದ್ದರಿಂದ 2014ರ ಸೆಪ್ಟೆಂಬರಿನಲ್ಲಿ ಕಾಡನ್ನು ಮುಚ್ಚಿ, ದುರಸ್ತಿ ಮುಗಿಸಿ 2016ರ ಅಕ್ಟೋಬರಿನಲ್ಲಿ ಪೂರ್ಣವಾಗಿ ತೆರೆಯಲಾಯಿತು. ಈ ಕಾಡಿನ ತೊರೆಯಲ್ಲಿ ಸಿಂಗಪುರ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಸಿಹಿನೀರಿನ ಏಡಿಯೊಂದಿದೆ. ಆದ್ದರಿಂದ ಗುರುತು ಮಾಡಿದ ಹಾದಿಯನ್ನು ಬಿಟ್ಟು ಇಳಿಯಬಾರದು.

ಶಿಖರದಲ್ಲಿ ಎತ್ತರ ಬರೆದ ಬಂಡೆಯೊಂದಿದೆ. ಮರಗಳು ಮರೆಯಾಗುವುದರಿಂದ ನಗರದ ನೋಟ ಮಾತ್ರ ದೊಡ್ಡದಲ್ಲ. ಪ್ರವೇಶ ಉಚಿತ, ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಅವಕಾಶವಿದೆ. ಪ್ರದರ್ಶನ ಮಳಿಗೆಗಳು ತೆರೆಯುವ ಮುನ್ನವೇ ಹತ್ತಿ ಇಳಿದುಬಿಡಬಹುದು. ನೀರಿನ ಬಾಟಲಿ ಜೊತೆಗಿರಲಿ. ತಿಂಡಿಯ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ತೂಗಾಡಿಸದಿರಿ: ಅಲ್ಲಿನ ಕೋತಿಗಳು ನಮ್ಮ ದೇವಸ್ಥಾನಗಳ ಕೋತಿಗಳಷ್ಟೇ ಚುರುಕು, ಅವಕ್ಕೆ ಆಹಾರ ಕೊಟ್ಟವರಿಗೆ ಬೀಳುವ ದಂಡವಂತೂ ಬಹಳ ದುಬಾರಿ.