ಹ್ಯಾನೋವರ್: ವಾದಕ್ಕೆ ಮೊದಲು ವಾಚನಾಲಯ

ಅಮೆರಿಕದ ಈಶಾನ್ಯ ಭಾಗದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ, ಕನೆಕ್ಟಿಕಟ್ ನದಿಯ ಪೂರ್ವ ದಂಡೆಯ ಮೇಲಿರುವ ಹ್ಯಾನೋವರ್ ಚಿಕ್ಕ ಊರು. 1769ರ ಸನ್ನದಿನಿಂದ ಸ್ಥಾಪನೆಯಾದ ಡಾರ್ಟ್‌ಮೌತ್ ಕಾಲೇಜೇ ಅದರ ಜೀವಾಳ. ಬೇಸಿಗೆಯಲ್ಲಿ ಇಲ್ಲಿ ಬಹುಕಾಲದಿಂದ ನಡೆದುಬಂದಿರುವ ಚರ್ಚಾ ಶಿಬಿರಕ್ಕೆ ಪ್ರೌಢಶಾಲಾ ವಿದ್ಯಾರ್ಥಿಗಳು ಕಲಿಯಲು ಬರುತ್ತಾರೆ. ಅನುಭವಿ ತರಬೇತುದಾರರೊಂದಿಗೆ ಕಾಲೇಜು ತಂಡಗಳ ಚರ್ಚಾಪಟುಗಳೂ ಅವರಿಗೆ ಪಾಠ ಹೇಳುತ್ತಾರೆ.

ಈ ಕಾಲೇಜು ಇಂದಿನ ರೂಪದಲ್ಲಿ ಉಳಿದಿರುವುದೇ ಒಂದು ವಾದದ ಬಲದಿಂದ. 1816ರಲ್ಲಿ ರಾಜ್ಯದ ಶಾಸನಸಭೆ ಈ ಖಾಸಗಿ ಸಂಸ್ಥೆಯನ್ನು ಸರ್ಕಾರಿ ವಿಶ್ವವಿದ್ಯಾಲಯವಾಗಿ ಮಾರ್ಪಡಿಸಲು ಹೊರಟಾಗ ಧರ್ಮದರ್ಶಿಗಳು ನ್ಯಾಯಾಲಯದ ಮೊರೆಹೋದರು. 1801ರಲ್ಲಿ ಇಲ್ಲಿಂದಲೇ ಪದವಿ ಪಡೆದಿದ್ದ ಡೇನಿಯಲ್ ವೆಬ್‌ಸ್ಟರ್ 1818ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರ ಪರವಾಗಿ ವಾದಿಸಿದರು, ಮರುವರ್ಷ ನ್ಯಾಯಾಲಯವು ಸನ್ನದನ್ನು ಸರ್ಕಾರ ಮುರಿಯಲಾಗದ ಕರಾರೆಂದು ಎತ್ತಿಹಿಡಿಯಿತು. ಚರ್ಚೆ ಕಲಿಯಲು ಇದಕ್ಕಿಂತ ತಕ್ಕ ನೆಲ ಸಿಗುವುದು ಕಷ್ಟ.

ಇಲ್ಲಿ ಕಲಿಸುವ ಪದ್ಧತಿಗೆ 'ಪಾಲಿಸಿ ಡಿಬೇಟ್', ಅಂದರೆ ಸರ್ಕಾರದ ನೀತಿಯೊಂದನ್ನು ಕುರಿತ ಚರ್ಚೆ ಎಂದು ಹೆಸರು. ಇಬ್ಬರ ತಂಡಗಳೆರಡು ಎದುರುಬದುರಾಗುತ್ತವೆ. ದೇಶಕ್ಕೆಲ್ಲ ಒಂದೇ ಗೊತ್ತುವಳಿ, ಅದೂ ಇಡೀ ಶೈಕ್ಷಣಿಕ ವರ್ಷಕ್ಕೆ. ಆದ್ದರಿಂದಲೇ ಶಿಬಿರದ ಆರಂಭದ ದಿನಗಳು ಭಾಷಣಕ್ಕಿಂತ ಹೆಚ್ಚಾಗಿ ಓದಿಗೆ ಮೀಸಲು. ವಿಷಯವನ್ನು ಕುರಿತ ಉಪನ್ಯಾಸಗಳಾದ ಮೇಲೆ ವಿದ್ಯಾರ್ಥಿಗಳು 'ಲ್ಯಾಬ್' ಎನ್ನುವ ಸಣ್ಣ ಗುಂಪುಗಳಲ್ಲಿ ಸಂಶೋಧನೆಯನ್ನು ಹಂಚಿಕೊಂಡು, ಪುಸ್ತಕ, ಪತ್ರಿಕೆ, ಸರ್ಕಾರಿ ವರದಿಗಳನ್ನು ಜಾಲಾಡಿ 'ಕಾರ್ಡ್' ಸಿದ್ಧಪಡಿಸುತ್ತಾರೆ. ಮೇಲೆ ವಾದದ ಸಾರವನ್ನು ಹೇಳುವ ಒಂದು ಸಾಲು, ಅದರ ಕೆಳಗೆ ಲೇಖಕರ ಹೆಸರು, ಅರ್ಹತೆ, ಇಸವಿ, ಆಮೇಲೆ ಮೂಲದ ಮಾತು ಯಥಾವತ್ತಾಗಿ, ಓದಬೇಕಾದ ಭಾಗಕ್ಕೆ ಅಡಿಗೆರೆ: ಇಷ್ಟು ಕೂಡಿದರೆ ಒಂದು ಕಾರ್ಡ್. ಹಿಂದೆ ನೆರಳಚ್ಚು ಪ್ರತಿಯನ್ನು ಕತ್ತರಿಸಿ ಅಂಟಿಸಿ ಮಾಡುತ್ತಿದ್ದ ಈ ಕೆಲಸ ಈಗ ಲ್ಯಾಪ್‌ಟಾಪಿಗೆ ಬಂದಿದ್ದರೂ 'ಕಾರ್ಡ್ ಕತ್ತರಿಸುವುದು' ಎಂಬ ಮಾತು ಹಾಗೆಯೇ ಉಳಿದಿದೆ.

ಕಾಲೇಜಿನ ಬೇಕರ್ ಗ್ರಂಥಾಲಯ 1928ರದು. ಅದರ ನೆಲಮಾಳಿಗೆಯ ವಾಚನಾಲಯದ ಗೋಡೆಗಳ ಮೇಲೆ ಮೆಕ್ಸಿಕೋದ ಕಲಾವಿದ ಹೋಸೆ ಕ್ಲೆಮೆಂತೆ ಒರೋಸ್ಕೊ 1932ರಿಂದ 1934ರವರೆಗೆ ರಚಿಸಿದ ಭಿತ್ತಿಚಿತ್ರಗಳಿವೆ. ಅವುಗಳಲ್ಲೊಂದರಲ್ಲಿ ಪುಸ್ತಕಗಳ ಮೇಲೆ ಮಲಗಿದ ಅಸ್ಥಿಪಂಜರವೊಂದು ಮರಿ ಅಸ್ಥಿಪಂಜರವನ್ನು ಹೆರುತ್ತಿದೆ. ಪದವಿಯ ನಿಲುವಂಗಿ ತೊಟ್ಟ ಪಂಡಿತರು, ಅವರೂ ಅಸ್ಥಿಪಂಜರಗಳೇ, ಸಾಲಾಗಿ ನಿಂತು ನೋಡುತ್ತಿದ್ದಾರೆ. ಜೀವವಿಲ್ಲದ ವಿದ್ಯೆಯ ಮೇಲಿನ ಇಷ್ಟು ಕಟುವಾದ ಟೀಕೆಯನ್ನು ವಿದ್ಯಾಸಂಸ್ಥೆಯೊಂದು ತನ್ನ ಓದುವ ಕೋಣೆಯಲ್ಲೇ ಬರೆಯಿಸಿ ಉಳಿಸಿಕೊಂಡಿರುವುದು ದೊಡ್ಡ ಮಾತು. ಉದ್ಧರಣೆಗಳ ರಾಶಿಯನ್ನೇ ಜ್ಞಾನವೆಂದು ನಂಬುವ ಅಪಾಯವಿರುವ ಎಳೆಯ ಚರ್ಚಾಪಟುಗಳು ಈ ಚಿತ್ರದೆದುರು ಒಂದಷ್ಟು ಹೊತ್ತು ನಿಲ್ಲಲೇಬೇಕು.

ಆ ರಾಶಿಯ ಪರೀಕ್ಷೆ ನಡೆಯುವುದು ಅಭ್ಯಾಸ ಚರ್ಚೆಗಳಲ್ಲಿ. ಒಮ್ಮೆ ಗೊತ್ತುವಳಿಯ ಪರ ವಾದಿಸಿದ ಜೋಡಿ ಮುಂದಿನ ಸುತ್ತಿನಲ್ಲಿ ಅದನ್ನೇ ವಿರೋಧಿಸಬೇಕಾಗಬಹುದು; ಎಂಟು ನಿಮಿಷದ ಮೊದಲ ಭಾಷಣ ಮುಗಿಯುತ್ತಲೇ ಎದುರಾಳಿಗೆ ಮೂರು ನಿಮಿಷದ ಪಾಟೀಸವಾಲಿಗೆ ಅವಕಾಶವಿದ್ದು, ಲೇಖಕರು ನಿಜವಾಗಿ ಹೇಳಿದ್ದಕ್ಕಿಂತ ಹೆಚ್ಚನ್ನು ಕಾರ್ಡಿನ ತಲೆಬರಹದಲ್ಲಿ ತುಂಬಿದವರು ಅಲ್ಲಿಯೇ ಸಿಕ್ಕಿಬೀಳುತ್ತಾರೆ.