ವಿದೇಶಿ ಸೈನಿಕ ಹಸ್ತಕ್ಷೇಪ ಮತ್ತು ಪ್ರಜಾಪ್ರಭುತ್ವ

ವಿದೇಶಿ ಸೈನಿಕ ಹಸ್ತಕ್ಷೇಪದ ಮೂಲಕ ಪ್ರಜಾಪ್ರಭುತ್ವ ಸ್ಥಾಪನೆ ಎಂದರೆ, ಒಂದು ರಾಷ್ಟ್ರವು ತನ್ನ ಸೇನೆಯನ್ನು ಬಳಸಿ ಮತ್ತೊಂದು ರಾಷ್ಟ್ರದ ಸರ್ಕಾರವನ್ನು ಪದಚ್ಯುತಗೊಳಿಸಿ, ಅಲ್ಲಿ ಜನರಿಂದ ಚುನಾಯಿತವಾದ ಆಡಳಿತವನ್ನು ನೆಲೆಗೊಳಿಸಲು ನಡೆಸುವ ಪ್ರಯತ್ನ. ಇದು ಸಾಧ್ಯವೇ, ಸಾಧ್ಯವಾದರೂ ನ್ಯಾಯಸಮ್ಮತವೇ ಎಂಬುದು ರಾಜ್ಯಶಾಸ್ತ್ರದಲ್ಲಿಯೂ ಅಂತರರಾಷ್ಟ್ರೀಯ ಕಾನೂನಿನಲ್ಲಿಯೂ ಬಹುಕಾಲದಿಂದ ಚರ್ಚೆಯಲ್ಲಿರುವ ಪ್ರಶ್ನೆ. ಎರಡನೆಯ ಮಹಾಯುದ್ಧದ ನಂತರದ ಜಪಾನ್ ಮತ್ತು ಪಶ್ಚಿಮ ಜರ್ಮನಿಗಳನ್ನು ಯಶಸ್ಸಿನ ನಿದರ್ಶನಗಳೆಂದೂ ಅಫ್ಘಾನಿಸ್ತಾನವನ್ನು ವೈಫಲ್ಯದ ನಿದರ್ಶನವೆಂದೂ ಹೇಳುವುದು ರೂಢಿ. ಇರಾಕಿನ ವಿಷಯದಲ್ಲಿ ಇಂದಿಗೂ ಒಮ್ಮತವಿಲ್ಲ. ಈ ಅನುಭವಗಳನ್ನು ಒಟ್ಟಾಗಿ ನೋಡಿದಾಗ, ಸರ್ವಾಧಿಕಾರಿಯನ್ನು ಕೆಳಗಿಳಿಸಲು ಸೇನೆಗೆ ಕೆಲವು ವಾರಗಳು ಸಾಕು. ಆದರೆ ಅವನ ನಂತರ ರಾಜ್ಯವನ್ನು ನಡೆಸಬೇಕಾದ ಸಂಸ್ಥೆಗಳು, ಪಕ್ಷಗಳು ಮತ್ತು ಪರಸ್ಪರ ವಿಶ್ವಾಸ ಆ ನೆಲದಲ್ಲಿ ಮೊದಲೇ ಬೇರು ಬಿಟ್ಟಿರಬೇಕು ಎಂಬುದು ಕಂಡುಬರುತ್ತದೆ.

ತಾತ್ವಿಕ ಹಿನ್ನೆಲೆ

ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಶಾಶ್ವತ ಶಾಂತಿಯನ್ನು ಕುರಿತು 1795ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಯಾವ ರಾಜ್ಯವೂ ಮತ್ತೊಂದು ರಾಜ್ಯದ ಸಂವಿಧಾನ ಮತ್ತು ಆಡಳಿತದಲ್ಲಿ ಬಲಪ್ರಯೋಗದಿಂದ ತಲೆಹಾಕಬಾರದೆಂದು ವಾದಿಸಿದನು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1859ರ ಲೇಖನವೊಂದರಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡನು. ಸ್ವಾತಂತ್ರ್ಯಕ್ಕಾಗಿ ತಾವೇ ಹೋರಾಡದ ಜನರಿಗೆ ಅನ್ಯರು ಅದನ್ನು ತಂದುಕೊಟ್ಟರೆ ಅದು ಉಳಿಯುವುದಿಲ್ಲ ಎಂಬುದು ಅವನ ಮತ. ಆದರೆ ನಿರಂಕುಶ ದೊರೆಗೆ ಪರರಾಷ್ಟ್ರದ ಸೇನೆ ಬೆಂಬಲವಾಗಿ ನಿಂತಾಗ, ಅದನ್ನು ತಡೆಯಲು ಇನ್ನೊಂದು ರಾಷ್ಟ್ರ ಪ್ರವೇಶಿಸುವುದು ಸರಿಯೆಂದು ಅವನು ಒಪ್ಪಿದನು. ಈ ನಿಯಮಗಳು 'ನಾಗರಿಕ' ರಾಷ್ಟ್ರಗಳಿಗೆ ಮಾತ್ರ ಅನ್ವಯಿಸುತ್ತವೆ ಎಂದೂ ಅವನು ಭಾವಿಸಿದ್ದನು. 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಮಿಲ್, ಭಾರತದಲ್ಲಿ ಬ್ರಿಟಿಷರ ಆಳ್ವಿಕೆಯನ್ನು ಸಮರ್ಥಿಸಿದ್ದನು. ಆದುದರಿಂದ, ಯಾರು 'ಸಿದ್ಧರು', ಯಾರು 'ಸಿದ್ಧರಲ್ಲ' ಎಂದು ನಿರ್ಣಯಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಈ ಚರ್ಚೆಯ ಆರಂಭದಿಂದಲೂ ಜೊತೆಗಿದೆ.

ಜಪಾನ್ (1945–1952)

1945ರ ಜುಲೈ 26ರ ಪಾಟ್ಸ್‌ಡ್ಯಾಮ್ ಘೋಷಣೆಯು ಜಪಾನಿನ ಶರಣಾಗತಿಗೆ ಷರತ್ತುಗಳನ್ನು ಮುಂದಿಟ್ಟಿತು. ಜಪಾನೀಯರಲ್ಲಿನ ಪ್ರಜಾಸತ್ತಾತ್ಮಕ ಪ್ರವೃತ್ತಿಗಳ ಪುನರುಜ್ಜೀವನಕ್ಕೆ ಇರುವ ಅಡ್ಡಿಗಳನ್ನು ನಿವಾರಿಸಬೇಕೆಂಬುದು ಅವುಗಳಲ್ಲೊಂದು. 'ಪುನರುಜ್ಜೀವನ' ಎಂಬ ಪದ ಇಲ್ಲಿ ಗಮನಾರ್ಹ. ಜಪಾನಿಗೆ 1889ರಲ್ಲಿಯೇ ಲಿಖಿತ ಸಂವಿಧಾನ ದೊರೆತಿತ್ತು. 'ಡಯಟ್' ಎಂದು ಕರೆಯಲಾಗುವ ಸಂಸತ್ತು 1890ರಿಂದ ಸೇರುತ್ತಿತ್ತು. 1925ರಲ್ಲಿ 25 ವರ್ಷ ತುಂಬಿದ ಪುರುಷರಿಗೆ ಆಸ್ತಿಯ ನಿರ್ಬಂಧವಿಲ್ಲದೆ ಮತದಾನದ ಹಕ್ಕು ಲಭಿಸಿತ್ತು. ಇಚಿಕಾವಾ ಫುಸಾಯೆ ಮೊದಲಾದ ಮಹಿಳೆಯರು 1920ರ ದಶಕದಿಂದಲೇ ಸ್ತ್ರೀಯರ ಮತಾಧಿಕಾರಕ್ಕಾಗಿ ಚಳವಳಿ ನಡೆಸಿದ್ದರು. 1930ರ ದಶಕದಲ್ಲಿ ಸೇನಾನಾಯಕರ ಪ್ರಾಬಲ್ಯವು ಈ ಬೆಳವಣಿಗೆಯನ್ನು ತಡೆಯಿತು.

ಶರಣಾಗತಿಯ ಬಳಿಕ ಜನರಲ್ ಡಗ್ಲಾಸ್ ಮ್ಯಾಕ್‌ಆರ್ಥರ್ ನೇತೃತ್ವದ ಆಡಳಿತವು ಸೇನೆಯನ್ನು ವಿಸರ್ಜಿಸಿತಾದರೂ ಚಕ್ರವರ್ತಿಯ ಪೀಠವನ್ನೂ ನಾಗರಿಕ ಆಡಳಿತ ಯಂತ್ರವನ್ನೂ ಉಳಿಸಿಕೊಂಡಿತು. ಆದೇಶಗಳು ಜಪಾನೀ ಸರ್ಕಾರದ ಮೂಲಕವೇ ಜಾರಿಗೆ ಬಂದವು. 1946ರ ಏಪ್ರಿಲ್ 10ರ ಚುನಾವಣೆಯಲ್ಲಿ ಮಹಿಳೆಯರು ಮೊದಲ ಬಾರಿಗೆ ಮತ ಚಲಾಯಿಸಿದರು. 39 ಮಹಿಳೆಯರು ಆಯ್ಕೆಯಾದರು. ಭೂಸುಧಾರಣೆಯಿಂದಾಗಿ, ಸಾಗುವಳಿ ಭೂಮಿಯಲ್ಲಿ ಸುಮಾರು ಶೇ. 46ರಷ್ಟಿದ್ದ ಗೇಣಿ ಭೂಮಿಯ ಪ್ರಮಾಣವು ಶೇ. 10ರ ಆಸುಪಾಸಿಗೆ ಇಳಿಯಿತು. ಉಳುವವರು ಭೂಮಿಯ ಒಡೆಯರಾದುದು ಹೊಸ ವ್ಯವಸ್ಥೆಗೆ ಗ್ರಾಮಾಂತರ ಪ್ರದೇಶದಲ್ಲಿ ಆಧಾರವನ್ನು ಒದಗಿಸಿತು.

ಸಂವಿಧಾನದ ಮೊದಲ ಕರಡನ್ನು 1946ರ ಫೆಬ್ರವರಿಯಲ್ಲಿ ಮ್ಯಾಕ್‌ಆರ್ಥರ್ ಅವರ ಅಧಿಕಾರಿಗಳು ಸುಮಾರು ಒಂದು ವಾರದಲ್ಲಿ ಸಿದ್ಧಪಡಿಸಿದರು. ಸ್ತ್ರೀ ಸಮಾನತೆಯ ವಿಧಿಯನ್ನು ಬರೆದ ಬಿಯಾಟೆ ಸಿರೋಟಾ ಅವರಿಗೆ ಆಗ 22 ವರ್ಷ. ಹೊರಗಿನವರು ಬರೆದ ಈ ಕರಡನ್ನು ಜಪಾನೀಯರು ಯಥಾವತ್ತಾಗಿ ಸ್ವೀಕರಿಸಲಿಲ್ಲ. ಏಕಸದನದ ಬದಲು ದ್ವಿಸದನ ಸಂಸತ್ತು ಬಂದುದು ಅವರ ಒತ್ತಾಯದಿಂದ. ಕನಿಷ್ಠ ಮಟ್ಟದ ಆರೋಗ್ಯಕರ ಜೀವನದ ಹಕ್ಕು 25ನೆಯ ವಿಧಿಯಲ್ಲಿ ಸೇರಿದುದು ಡಯಟ್‌ನ ಚರ್ಚೆಯಲ್ಲಿ. 1947ರ ಮೇ 3ರಂದು ಜಾರಿಗೆ ಬಂದ ಈ ಸಂವಿಧಾನಕ್ಕೆ ಈವರೆಗೆ ಒಂದು ತಿದ್ದುಪಡಿಯೂ ಆಗಿಲ್ಲ. ಭಾರತದ ಸಂವಿಧಾನದ 21ನೆಯ ವಿಧಿಯಲ್ಲಿರುವ, ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ ಎಂಬ ಪರಿಕಲ್ಪನೆಗೆ ಇದರ 31ನೆಯ ವಿಧಿಯೇ ಆಕರ.

ಈ ಯಶಸ್ಸಿಗೆ ಇನ್ನೊಂದು ಮುಖವೂ ಇದೆ. ಹಿರೋಶಿಮಾ ಮತ್ತು ನಾಗಾಸಾಕಿಗಳ ವಿನಾಶದ ನಂತರ ಬಂದ ಆಡಳಿತವಿದು. ವಾಕ್ ಸ್ವಾತಂತ್ರ್ಯವನ್ನು ಸಾರಿದ ಅಧಿಕಾರಿಗಳೇ ಪತ್ರಿಕೆಗಳ ಮೇಲೆ ಸೆನ್ಸಾರ್ ನಡೆಸಿದರು. 1947ರ ಫೆಬ್ರವರಿ 1ಕ್ಕೆ ನಿಗದಿಯಾಗಿದ್ದ ಸಾರ್ವತ್ರಿಕ ಮುಷ್ಕರವನ್ನು ನಿಷೇಧಿಸಿದರು. ಜಪಾನ್ 1952ರಲ್ಲಿ ಸ್ವತಂತ್ರವಾದರೂ ಒಕಿನಾವಾ ದ್ವೀಪಗಳು 1972ರವರೆಗೆ ಅಮೆರಿಕದ ಆಡಳಿತದಲ್ಲಿಯೇ ಉಳಿದವು.

ಇರಾಕ್ (2003–2011)

2003ರ ಮಾರ್ಚ್ 20ರಂದು ಅಮೆರಿಕ ಮತ್ತು ಅದರ ಮಿತ್ರರಾಷ್ಟ್ರಗಳು ಇರಾಕಿನ ಮೇಲೆ ದಾಳಿ ಆರಂಭಿಸಿದವು. ಏಪ್ರಿಲ್ 9ರಂದು ಬಾಗ್ದಾದ್ ಪತನವಾಯಿತು. ದಾಳಿಗೆ ಮುಖ್ಯ ಕಾರಣವೆಂದು ಹೇಳಲಾಗಿದ್ದ ಸಮೂಹನಾಶಕ ಅಸ್ತ್ರಗಳ ದಾಸ್ತಾನು ದೊರೆಯಲಿಲ್ಲ. ಪ್ರಜಾಪ್ರಭುತ್ವ ಸ್ಥಾಪನೆಯ ಉದ್ದೇಶವು ಆಮೇಲೆ ಹೆಚ್ಚು ಹೆಚ್ಚಾಗಿ ಮುನ್ನೆಲೆಗೆ ಬಂದಿತು. ಬಾಗ್ದಾದಿನ ಜನರಿಗೆ ಇಂಥ ಭರವಸೆ ಹೊಸದಾಗಿರಲಿಲ್ಲ. 1917ರಲ್ಲಿ, ಭಾರತೀಯ ಸೈನಿಕರು ದೊಡ್ಡ ಸಂಖ್ಯೆಯಲ್ಲಿದ್ದ ಬ್ರಿಟಿಷ್ ಸೇನೆಯು ನಗರವನ್ನು ಪ್ರವೇಶಿಸಿದಾಗ, ತಾವು ಬಂದಿರುವುದು ವಿಮೋಚಕರಾಗಿ ಎಂದು ಜನರಲ್ ಮೌಡ್ ಸಾರಿದ್ದನು. ಮೂರೇ ವರ್ಷಗಳಲ್ಲಿ ಬ್ರಿಟಿಷರ ವಿರುದ್ಧ ವ್ಯಾಪಕ ದಂಗೆ ನಡೆದಿತ್ತು.

ಪಾಲ್ ಬ್ರೆಮರ್ ನೇತೃತ್ವದ ತಾತ್ಕಾಲಿಕ ಆಡಳಿತವು 2003ರ ಮೇ ತಿಂಗಳಲ್ಲಿ ಹೊರಡಿಸಿದ ಮೊದಲ ಎರಡು ಆದೇಶಗಳು ನಿರ್ಣಾಯಕವಾದವು. ಮೊದಲನೆಯದು ಬಾಥ್ ಪಕ್ಷದ ಮೇಲಿನ ಸ್ತರಗಳ ಸದಸ್ಯರನ್ನು ಸರ್ಕಾರಿ ಹುದ್ದೆಗಳಿಂದ ತೆಗೆದುಹಾಕಿತು. ಹುದ್ದೆಗಾಗಿ ಪಕ್ಷ ಸೇರಿದ್ದ ಅನೇಕ ಶಿಕ್ಷಕರೂ ಅಧಿಕಾರಿಗಳೂ ಇದರಿಂದ ಕೆಲಸ ಕಳೆದುಕೊಂಡರು. ಎರಡನೆಯದು ಸೇನೆಯನ್ನು ವಿಸರ್ಜಿಸಿ, ಶಸ್ತ್ರವಿದ್ಯೆ ಬಲ್ಲ ಲಕ್ಷಾಂತರ ಮಂದಿಯನ್ನು ನಿರುದ್ಯೋಗಿಗಳನ್ನಾಗಿ ಮಾಡಿತು. ಜಪಾನಿನಲ್ಲಿ ಉಳಿಸಿಕೊಂಡ ಆಡಳಿತ ಯಂತ್ರ ಇಲ್ಲಿ ಕುಸಿದುಬಿದ್ದಿತು.

2005ರ ಜನವರಿ 30ರ ಚುನಾವಣೆಯಲ್ಲಿ ಜನರು ಪ್ರಾಣಾಪಾಯವನ್ನು ಲೆಕ್ಕಿಸದೆ ಮತಗಟ್ಟೆಗಳಿಗೆ ಬಂದರು. ಆದರೆ ಸುನ್ನಿ ಅರಬರಲ್ಲಿ ಬಹುಪಾಲು ಜನ ದೂರ ಉಳಿದುದರಿಂದ, ಸಂವಿಧಾನ ರಚಿಸಬೇಕಾದ ಸಭೆಯಲ್ಲಿ ಅವರ ದನಿ ಕ್ಷೀಣವಾಯಿತು. 2006ರ ಫೆಬ್ರವರಿಯಲ್ಲಿ ಸಮಾರಾದ ಅಲ್-ಅಸ್ಕರಿ ಮಸೀದಿಯ ಸ್ಫೋಟದ ನಂತರ ಪಂಥೀಯ ಹಿಂಸೆ ಭುಗಿಲೆದ್ದಿತು. ಅಮೆರಿಕದ ಸೇನೆ 2011ರ ಡಿಸೆಂಬರ್‌ನಲ್ಲಿ ಹಿಂದೆ ಸರಿಯಿತು. 2014ರ ಜೂನ್‌ನಲ್ಲಿ ಮೊಸುಲ್ ನಗರವು ಇಸ್ಲಾಮಿಕ್ ಸ್ಟೇಟ್ ವಶವಾಯಿತು. ಹೀಗಿದ್ದರೂ ಚುನಾವಣೆಗಳು ನಿಂತಿಲ್ಲ. 2019ರ ಅಕ್ಟೋಬರ್‌ನಲ್ಲಿ ಬೀದಿಗಿಳಿದ ಯುವಜನರು ಪಂಥವಾರು ಅಧಿಕಾರ ಹಂಚಿಕೆಯನ್ನೂ ಭ್ರಷ್ಟಾಚಾರವನ್ನೂ ಪ್ರತಿಭಟಿಸಿದರು. ನೂರಾರು ಮಂದಿ ಹತರಾದರು, ಪ್ರಧಾನಿ ಆದಿಲ್ ಅಬ್ದುಲ್ ಮಹ್ದಿ ರಾಜೀನಾಮೆ ನೀಡಿದರು.

ಇತರ ನಿದರ್ಶನಗಳು

ಅಫ್ಘಾನಿಸ್ತಾನದಲ್ಲಿ 2004ರಲ್ಲಿ ಸಂವಿಧಾನವೂ ಅಧ್ಯಕ್ಷೀಯ ಚುನಾವಣೆಯೂ ಬಂದವು. ವಿದೇಶಿ ಸೇನೆ ಹಿಂತೆಗೆಯುತ್ತಿದ್ದಂತೆ, 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲನ್ನು ಪ್ರವೇಶಿಸಿತು. ಪನಾಮಾದಲ್ಲಿ 1989ರ ಮೇ ತಿಂಗಳ ಚುನಾವಣೆಯನ್ನು ನೊರಿಯೆಗಾ ರದ್ದುಪಡಿಸಿದ್ದನು. ಡಿಸೆಂಬರ್‌ನಲ್ಲಿ ಅಮೆರಿಕ ದಾಳಿ ನಡೆಸಿದಾಗ, ಆ ಚುನಾವಣೆಯಲ್ಲಿ ಮುನ್ನಡೆದಿದ್ದ ಗಿಲ್ಯೆರ್ಮೊ ಎಂಡಾರಾ ಅಧಿಕಾರ ವಹಿಸಿಕೊಂಡರು. ಪ್ರಜಾಪ್ರಭುತ್ವ ಅಲ್ಲಿ ಉಳಿಯಿತು. ಆದರೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು ದಾಳಿಯನ್ನು ಕಾನೂನಿನ ಉಲ್ಲಂಘನೆಯೆಂದು ಖಂಡಿಸಿತು. 1971ರಲ್ಲಿ ಭಾರತದ ಸೇನೆಯು ಪ್ರವೇಶಿಸಿದ ಪೂರ್ವ ಪಾಕಿಸ್ತಾನದಲ್ಲಿ, ಹಿಂದಿನ ವರ್ಷವೇ ಚುನಾವಣೆ ಗೆದ್ದ ಅವಾಮಿ ಲೀಗ್ ಇತ್ತು. ಭಾರತದ ಸೇನೆ 1972ರ ಮಾರ್ಚ್‌ನಲ್ಲಿ ಹಿಂದಿರುಗಿತು. ಆದರೂ 1975ರಲ್ಲಿ ಶೇಖ್ ಮುಜಿಬುರ್ ರಹಮಾನ್ ಅವರ ಹತ್ಯೆಯಾಗಿ, ಬಾಂಗ್ಲಾದೇಶವು ಸೇನಾಡಳಿತಕ್ಕೆ ಒಳಗಾಯಿತು.

ವಿಶ್ಲೇಷಣೆ

ಅಲೆಕ್ಸಾಂಡರ್ ಡೌನ್ಸ್ ಮತ್ತು ಜೊನಾಥನ್ ಮಾಂಟನ್ 2013ರಲ್ಲಿ ಪ್ರಕಟಿಸಿದ ಅಧ್ಯಯನವು, ಹೊರಗಿನವರು ಬಲಪ್ರಯೋಗದಿಂದ ಸರ್ಕಾರ ಬದಲಿಸಿದಲ್ಲಿ ಪ್ರಜಾಪ್ರಭುತ್ವ ಬೆಳೆಯುವುದು ವಿರಳವೆಂದು ತೀರ್ಮಾನಿಸಿತು. ಆರ್ಥಿಕ ಅಭಿವೃದ್ಧಿ ಹಾಗೂ ಸಾಮಾಜಿಕ ಏಕರೂಪತೆಯಂತಹ ಅನುಕೂಲ ಸ್ಥಿತಿ ಮೊದಲೇ ಇದ್ದು, ಹೊರಗಿನವರು ಸಂಸ್ಥೆಗಳನ್ನು ಕಟ್ಟಲು ಶ್ರಮಿಸಿದಲ್ಲಿ ಮಾತ್ರ ಯಶಸ್ಸು ಕಂಡುಬಂದಿದೆ. ದಾಳಿಯ ಸಮರ್ಥಕರು, ಸರ್ವಾಧಿಕಾರದಡಿ ಸಂಸ್ಥೆಗಳು ತಾವಾಗಿ ಬೆಳೆಯಲಾರವು, ಕಾಯುತ್ತ ಕುಳಿತರೆ ಜನರ ಸಂಕಟ ಮುಂದುವರಿಯುತ್ತದೆ ಎಂದು ವಾದಿಸುತ್ತಾರೆ. ದಾಳಿಕಾರ ರಾಷ್ಟ್ರವು ತನ್ನ ಹಿತವನ್ನೇ ಮೊದಲು ನೋಡುತ್ತದೆ ಎಂಬುದು ವಿಮರ್ಶಕರ ಉತ್ತರ. 1953ರಲ್ಲಿ ಇರಾನಿನ ಪ್ರಧಾನಿ ಮೊಸದ್ದೆಗ್ ಅವರ ಸರ್ಕಾರವನ್ನು ಉರುಳಿಸುವಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳು ವಹಿಸಿದ ಪಾತ್ರವನ್ನು ಅವರು ಇದಕ್ಕೆ ಸಾಕ್ಷಿಯಾಗಿ ಎತ್ತಿಹೇಳುತ್ತಾರೆ.

ಅಂತರರಾಷ್ಟ್ರೀಯ ಕಾನೂನು

ವಿಶ್ವಸಂಸ್ಥೆಯ ಸನ್ನದಿನ 2ನೆಯ ವಿಧಿಯು ಮತ್ತೊಂದು ರಾಷ್ಟ್ರದ ವಿರುದ್ಧ ಬಲಪ್ರಯೋಗವನ್ನು ನಿಷೇಧಿಸುತ್ತದೆ. ಆತ್ಮರಕ್ಷಣೆ ಮತ್ತು ಭದ್ರತಾ ಮಂಡಳಿಯ ಅನುಮತಿ ಇದಕ್ಕಿರುವ ಅಪವಾದಗಳು. 2005ರ ವಿಶ್ವ ಶೃಂಗಸಭೆಯು ಒಪ್ಪಿಕೊಂಡ 'ರಕ್ಷಿಸುವ ಹೊಣೆ' ಎಂಬ ತತ್ತ್ವವು ನರಮೇಧ, ಯುದ್ಧಾಪರಾಧ, ಜನಾಂಗೀಯ ಉಚ್ಚಾಟನೆ ಮತ್ತು ಮಾನವೀಯತೆಯ ವಿರುದ್ಧದ ಅಪರಾಧಗಳಿಗೆ ಸೀಮಿತ. ಪ್ರಜಾಪ್ರಭುತ್ವದ ಸ್ಥಾಪನೆ ಅದರಲ್ಲಿ ಸೇರಿಲ್ಲ.